ಆಕ್ಸಿಜನ್ ಸೆನ್ಸರ್ ಬಿಚ್ಚುವ ಮೊದಲು: ಕೋಡ್ ಓದುವುದರಿಂದ ಮಾನಿಟರ್ ಪೂರ್ಣವಾಗುವವರೆಗೆ, ಹಂತ ಹಂತವಾಗಿ

ಚೆಕ್ ಎಂಜಿನ್ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ಆಕ್ಸಿಜನ್ ಸೆನ್ಸರ್ (ಎಂಜಿನ್ನಿನ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಭಾಗ) ಹೆಸರಿರುವ ಒಂದು ದೋಷದ ಕೋಡ್. ಹೊಸ ಸೆನ್ಸರ್ ತಂದು ಹಾಕಿ ಕೋಡ್ ಅಳಿಸಿದ ಮೇಲೆ ಎರಡು ವಾರ ನೆಮ್ಮದಿ. ಆಮೇಲೆ ಮತ್ತೆ ಅದೇ ದೀಪ, ಅದೇ ಕೋಡ್. ಈ ಸುಳಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ನನಗೆ ಸಿಕ್ಕಿದ್ದು ನಕಲಿ ಸೆನ್ಸರ್ ಇರಬಹುದೇ?" ಎಷ್ಟೋ ಸಲ ಹೊಸದೂ ಸರಿಯಾಗಿಯೇ ಇರುತ್ತದೆ, ಕಿತ್ತು ಬಿಸಾಡಿದ ಹಳೆಯದೂ ಸರಿಯಾಗಿಯೇ ಇರುತ್ತದೆ. ಎಂಜಿನ್ನಿನ ದೂರನ್ನು ಹೊತ್ತು ತಂದವನನ್ನೇ ಹೊರಗಟ್ಟಿ, ದೂರನ್ನು ಒಳಗೇ ಬಿಟ್ಟಿರುತ್ತೇವೆ.

ಕೆಲಸ ಕೆಡುವುದು ಪರೀಕ್ಷೆ ಗೊತ್ತಿಲ್ಲದ್ದಕ್ಕಿಂತ ಹೆಚ್ಚಾಗಿ ಪರೀಕ್ಷೆಯ ಕ್ರಮ ತಪ್ಪಿದ್ದಕ್ಕೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಇಲ್ಲಿ ಹೇಳಿರುವುದು ಒಬಿಡಿ-2 (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಆಗಿ ದಾಖಲಿಸುವ ವ್ಯವಸ್ಥೆ) ಇರುವ ಪೆಟ್ರೋಲ್ ಕಾರುಗಳಿಗೆ.

## ಕೈಗೆ ಬೇಕಾದ ಸಾಮಾನು

ಬರೀ ಕೋಡ್ ತೋರಿಸುವ ಸಾಧನ ಸಾಲದು. ಲೈವ್ ಡೇಟಾವನ್ನು ಗ್ರಾಫ್ ಆಗಿ ತೋರಿಸುವ, ಫ್ರೀಜ್ ಫ್ರೇಮ್ ಓದುವ ಸ್ಕ್ಯಾನರ್ ಬೇಕು. ಫೋನಿಗೆ ಜೋಡಿಸುವ ಚಿಕ್ಕ ಅಡಾಪ್ಟರ್ ಆದರೂ ನಡೆಯುತ್ತದೆ. ಜೊತೆಗೆ ಡಿಜಿಟಲ್ ಮಲ್ಟಿಮೀಟರ್, ಕನೆಕ್ಟರಿನ ಹಿಂಬದಿಯಿಂದ ತೂರಿಸಲು ಸಣ್ಣ ಪಿನ್‌ಗಳು, ಒಂದು ಟೆಸ್ಟ್ ಲ್ಯಾಂಪ್, ನಿಮ್ಮ ಕಾರಿನ ವೈರಿಂಗ್ ನಕ್ಷೆ. ಮುಳ್ಳು ಓಡುವ ಹಳೇ ಅನಲಾಗ್ ಮೀಟರ್ ಬೇಡ. ಸೆನ್ಸರ್ ಹುಟ್ಟಿಸುವ ಕರೆಂಟ್ ತೀರಾ ಅತ್ಯಲ್ಪ, ಅದನ್ನು ಆ ಮೀಟರೇ ಕುಡಿದುಬಿಡುತ್ತದೆ.

ಬಿಚ್ಚುವ ಹಂತ ಬಂದರೆ ಮಾತ್ರ 22 ಮಿಲಿಮೀಟರಿನ, ಪಕ್ಕದಲ್ಲಿ ಸೀಳಿರುವ ಆಕ್ಸಿಜನ್ ಸೆನ್ಸರ್ ಸಾಕೆಟ್, ತುಕ್ಕು ಬಿಡಿಸುವ ಎಣ್ಣೆ, ಟಾರ್ಕ್ ವ್ರೆಂಚ್ ಬೇಕಾಗುತ್ತವೆ. ಇವನ್ನು ಮೊದಲೇ ಕೈಗೆತ್ತಿಕೊಳ್ಳಬೇಡಿ. ಸಾಕೆಟ್ ಕೈಯಲ್ಲಿದ್ದರೆ ಬಿಚ್ಚುವ ಆಸೆ ತಡೆಯುವುದು ಕಷ್ಟ.

## ಸೆನ್ಸರ್ ನಿಜಕ್ಕೂ ಅಳೆಯುವುದೇನು

ಇಷ್ಟು ತಿಳಿಯದೆ ಮುಂದಿನ ಒಂದು ಅಂಕಿಯೂ ಅರ್ಥವಾಗುವುದಿಲ್ಲ. ಸಾಮಾನ್ಯ ಸೆನ್ಸರಿನೊಳಗೆ ಜಿರ್ಕೋನಿಯಾ ಎಂಬ ಸೆರಾಮಿಕ್ಕಿನ, ಬೆರಳ ತುದಿಗೆ ಹಾಕುವ ಟೊಪ್ಪಿಗೆಯಂಥ ಒಂದು ಭಾಗವಿದೆ. ಅದರ ಹೊರಮೈಗೆ ಎಂಜಿನ್ನಿನ ಹೊಗೆ ತಾಗುತ್ತದೆ, ಒಳಮೈಗೆ ಹೊರಗಿನ ಗಾಳಿ. ಎರಡೂ ಮೈಗೆ ಪ್ಲಾಟಿನಂ ಲೇಪನ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಆ ಸೆರಾಮಿಕ್ ಆಕ್ಸಿಜನ್ ಅಯಾನುಗಳನ್ನು ತನ್ನ ಮೂಲಕ ಹರಿಯಬಿಡುತ್ತದೆ. ಎರಡು ಬದಿಯ ಆಕ್ಸಿಜನ್ನಿನಲ್ಲಿ ಎಷ್ಟು ವ್ಯತ್ಯಾಸವೋ ಅದಕ್ಕೆ ತಕ್ಕಷ್ಟು ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಕ್ಸಿಜನ್ ಉಳಿದಿಲ್ಲವೆಂದರೆ, ಅಂದರೆ ಪೆಟ್ರೋಲ್ ಹೆಚ್ಚಾಗಿ ಮಿಶ್ರಣ ರಿಚ್ ಆಗಿದ್ದರೆ, 0.8 ರಿಂದ 0.9 ವೋಲ್ಟ್. ಆಕ್ಸಿಜನ್ ಮಿಕ್ಕಿದ್ದರೆ, ಅಂದರೆ ಲೀನ್ ಆಗಿದ್ದರೆ, 0.1 ರ ಆಸುಪಾಸು. ನಡುವಿನ ಗಡಿ 0.45. ಪೆಟ್ರೋಲಿಗೆ ಈ ಗಡಿ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಇಂಧನ. ಇದನ್ನೇ ಲ್ಯಾಂಬ್ಡಾ 1 ಎನ್ನುವುದು.

ಇದರಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ, ಆಕ್ಸಿಜನ್ ಮಾತ್ರ ಕಾಣುತ್ತದೆ. ಒಂದು ಸಿಲಿಂಡರ್ ಮಿಸ್‌ಫೈರ್ ಆದರೆ, ಅಂದರೆ ಅದರಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದಿದ್ದರೆ, ಉರಿಯದ ಪೆಟ್ರೋಲೂ ಉರಿಯದ ಆಕ್ಸಿಜನ್ನೂ ಒಟ್ಟಿಗೇ ಹೊರಬರುತ್ತವೆ. ಸೆನ್ಸರ್ ಆಕ್ಸಿಜನ್ನನ್ನು ಕಂಡು "ಲೀನ್" ಎನ್ನುತ್ತದೆ. ಅದನ್ನು ನಂಬಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ.

## ಹಂತ 1: ಕೋಡ್ ಅಳಿಸಬೇಡಿ, ಬರೆದುಕೊಳ್ಳಿ

ಮೊದಲ ತಪ್ಪು ನಡೆಯುವುದೇ ಇಲ್ಲಿ. ಕೋಡ್ ಅಳಿಸಿದ ಕೂಡಲೇ ಅದರ ಜೊತೆಗಿದ್ದ ಫ್ರೀಜ್ ಫ್ರೇಮೂ ಹೋಗುತ್ತದೆ, ಇಸಿಯು ತಾನೇ ನಡೆಸುವ ಪರೀಕ್ಷೆಗಳಾದ ಮಾನಿಟರ್‌ಗಳು "ಅಪೂರ್ಣ" ಸ್ಥಿತಿಗೆ ಮರಳುತ್ತವೆ. ಫ್ರೀಜ್ ಫ್ರೇಮ್ ಎಂದರೆ ದೋಷ ದಾಖಲಾದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಎಂಬುದರ ಚಿತ್ರ: ಆರ್‌ಪಿಎಂ, ವೇಗ, ಕೂಲಂಟ್ ಬಿಸಿ, ಲೋಡ್, ಫ್ಯುಯಲ್ ಟ್ರಿಮ್ (ಇಸಿಯು ಪೆಟ್ರೋಲಿಗೆ ಮಾಡುವ ತಿದ್ದುಪಡಿ). ಎಂಜಿನ್ ತಣ್ಣಗಿದ್ದಾಗ ಬಂದ ಕೋಡಿಗೂ ಹೆದ್ದಾರಿಯಲ್ಲಿ ಬಂದ ಕೋಡಿಗೂ ಹುಡುಕುವ ಜಾಗವೇ ಬೇರೆ.

ಎಲ್ಲ ಕೋಡ್‌ಗಳನ್ನೂ ಬರೆದುಕೊಳ್ಳಿ, ಪೆಂಡಿಂಗ್ ಇರುವವನ್ನೂ, ಅಂದರೆ ಇನ್ನೂ ದೀಪ ಹೊತ್ತಿಸದ ಕೋಡ್‌ಗಳನ್ನೂ ಸೇರಿಸಿ. ಆಕ್ಸಿಜನ್ ಸೆನ್ಸರ್ ಕೋಡಿನ ಜೊತೆ ಪಿ0300 ಸರಣಿಯ ಮಿಸ್‌ಫೈರ್ ಕೋಡ್ ಇದ್ದರೆ ಮೊದಲು ಮಿಸ್‌ಫೈರ್ ಸರಿಮಾಡಿ, ಸೆನ್ಸರನ್ನು ಆಮೇಲೆ ನೋಡೋಣ. ಓಡಿಸುವಾಗ ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಪರೀಕ್ಷೆಯ ಮಾತೇ ಇಲ್ಲ, ಗಾಡಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ (ಹೊಗೆಯ ವಿಷವನ್ನು ಕಡಿಮೆ ಮಾಡುವ, ಎಕ್ಸಾಸ್ಟ್ ಪೈಪಿನಲ್ಲಿರುವ ಭಾಗ) ಹೊತ್ತಿಕೊಂಡು ಅದನ್ನೇ ಕರಗಿಸಿಬಿಡಬಹುದು.

ಕೋಡ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನೂ ಬೇರ್ಪಡಿಸಿಕೊಳ್ಳಿ. ಪಿ0135, ಪಿ0141 ಹೀಟರ್ ಸರ್ಕ್ಯೂಟಿನವು. ಪಿ0131 ಕಡಿಮೆ ವೋಲ್ಟೇಜ್, ಪಿ0132 ಹೆಚ್ಚು ವೋಲ್ಟೇಜ್, ಪಿ0133 ನಿಧಾನ ಪ್ರತಿಕ್ರಿಯೆ, ಪಿ0134 ಅಲುಗಾಟವೇ ಇಲ್ಲ. ಪಿ0171 ಲೀನ್, ಪಿ0172 ರಿಚ್. ಈ ಎರಡು ಸೆನ್ಸರಿನ ಕೋಡ್‌ಗಳೇ ಅಲ್ಲ, ಸೆನ್ಸರ್ ಕೊಟ್ಟ ವರದಿಯ ಮೇಲೆ ಬಂದವು. ಪಿ0420 ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿದ್ದು. ಪಿ0171 ಕಂಡು ಸೆನ್ಸರ್ ಬದಲಿಸಿದವರ ಲೆಕ್ಕ ಇಡಲು ಹೋದರೆ ನೋಟ್‌ಬುಕ್ ಸಾಲದು.

## ಹಂತ 2: ಯಾವ ಸೆನ್ಸರ್, ಯಾವ ಜಾತಿ

ಕೋಡಿನ ವಿವರಣೆಯಲ್ಲಿ ಬರುವ ಬ್ಯಾಂಕ್ 1 ಎಂದರೆ ಒಂದನೇ ಸಿಲಿಂಡರ್ ಇರುವ ಬದಿ. ಅದು ಎಡವೋ ಬಲವೋ ಎನ್ನುವುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ, ಊಹಿಸಬೇಡಿ. ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಎಂಜಿನ್ನಿಗೆ ಸಾಮಾನ್ಯವಾಗಿ ಒಂದೇ ಬ್ಯಾಂಕ್. ಸೆನ್ಸರ್ 1 ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲು ಕೂತಿರುತ್ತದೆ, ಪೆಟ್ರೋಲ್ ಎಷ್ಟು ಹಾಕಬೇಕೆಂದು ಇಸಿಯುಗೆ ಹೇಳುವುದು ಅದರ ಕೆಲಸ. ಸೆನ್ಸರ್ 2 ಕನ್ವರ್ಟರಿನ ಆಚೆಗೆ. ಅದು ಮುಖ್ಯವಾಗಿ ಕನ್ವರ್ಟರಿನ ಮೇಲೆ ಕಣ್ಣಿಡುತ್ತದೆ.

ಇನ್ನು ಜಾತಿ. ಮೇಲೆ ಹೇಳಿದ್ದು ನ್ಯಾರೋಬ್ಯಾಂಡ್. ಈಚಿನ ಅನೇಕ ಕಾರುಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಇರುತ್ತದೆ. ಇದು ರಿಚ್, ಲೀನ್ ಎಂದಷ್ಟೇ ಹೇಳಿ ಸುಮ್ಮನಾಗದೆ ಎಷ್ಟು ರಿಚ್, ಎಷ್ಟು ಲೀನ್ ಎಂಬುದನ್ನೂ ಹೇಳುತ್ತದೆ. ಒಳಗಿನ ಸಣ್ಣ ಕೋಶಕ್ಕೆ ಆಕ್ಸಿಜನ್ನನ್ನು ಪಂಪ್ ಮಾಡಲು ಅಥವಾ ಹೊರತೆಗೆಯಲು ಎಷ್ಟು ಕರೆಂಟ್ ಬೇಕಾಯಿತು ಎಂಬುದೇ ಅದರ ಅಳತೆ. ಐದು ಅಥವಾ ಆರು ವೈರ್ ಕಂಡರೆ ವೈಡ್‌ಬ್ಯಾಂಡ್ ಎಂದುಕೊಳ್ಳಬಹುದು, ಆದರೆ ನಾಲ್ಕು ವೈರಿನ ವೈಡ್‌ಬ್ಯಾಂಡ್‌ಗಳೂ ಇವೆ. ಖಚಿತ ಮಾಡಿಕೊಳ್ಳಲು ಸರ್ವಿಸ್ ಮ್ಯಾನುಯಲ್ ನೋಡಿ.

ಇದನ್ನು ಗುರುತಿಸದೆ ಮುಂದೆ ಹೋದರೆ ಎಲ್ಲವೂ ತಲೆಕೆಳಗು. ವೈಡ್‌ಬ್ಯಾಂಡ್ ಸೆನ್ಸರ್ 0.1 ರಿಂದ 0.9 ರ ನಡುವೆ ಕುಣಿಯುವುದಿಲ್ಲ. ಟೊಯೋಟಾದ ಅನೇಕ ಗಾಡಿಗಳಲ್ಲಿ ಸರಿಯಾದ ಮಿಶ್ರಣಕ್ಕೆ ಅದು ಸುಮಾರು 3.3 ವೋಲ್ಟ್ ತೋರಿಸುತ್ತದೆ. ಅಲ್ಲಿ ವೋಲ್ಟೇಜ್ ಏರಿದರೆ ಲೀನ್, ಇಳಿದರೆ ರಿಚ್, ನ್ಯಾರೋಬ್ಯಾಂಡಿಗೆ ಪೂರ್ತಿ ಉಲ್ಟಾ. "ಸೆನ್ಸರ್ ಕುಣಿಯುತ್ತಲೇ ಇಲ್ಲ, ಸತ್ತಿದೆ" ಎಂದು ತೀರ್ಮಾನಿಸಿ ಜೀವಂತ ವೈಡ್‌ಬ್ಯಾಂಡನ್ನು ಕಿತ್ತವರಲ್ಲಿ ನಾನೂ ಒಬ್ಬ.

## ಹಂತ 3: ಮೊದಲು ಹೀಟರ್

ತಣ್ಣಗಿನ ಸೆನ್ಸರ್ ಮೂಕ. ಹೊಗೆಯ ಬಿಸಿಗೆ ಕಾಯದೆ ಬೇಗ ಕೆಲಸಕ್ಕೆ ಇಳಿಯಲಿ ಎಂದು ಒಳಗೆ ಹೀಟರ್ ಇಟ್ಟಿರುತ್ತಾರೆ. ಅದು ಸತ್ತರೆ ಸೆನ್ಸರ್ ತಡವಾಗಿ ಏಳುತ್ತದೆ, ಐಡ್ಲಿಂಗ್‌ನಲ್ಲಿ ಮತ್ತೆ ತಣ್ಣಗಾಗಿ ಮಲಗುತ್ತದೆ. ಪಿ0133, ಪಿ0134 ರ ಹಿಂದೆ ಹೀಟರ್ ಇರುವುದು ಅಪರೂಪವಲ್ಲ. ಅದಕ್ಕೇ ಸಿಗ್ನಲ್ ನೋಡುವ ಮೊದಲು ಇದನ್ನು ಮುಗಿಸಿ.

ಒಂದಕ್ಕಿಂತ ಹೆಚ್ಚು ಹೀಟರ್ ಕೋಡ್ ಒಟ್ಟಿಗೇ ಬಂದಿದ್ದರೆ ಫ್ಯೂಸ್ ನೋಡಿ. ಎಲ್ಲ ಹೀಟರ್‌ಗಳಿಗೂ ಒಂದೇ ಫ್ಯೂಸಿನಿಂದ ಕರೆಂಟ್ ಹೋಗುವ ಕಾರುಗಳು ಬಹಳ. ಎರಡು ಸೆನ್ಸರ್ ಒಂದೇ ದಿನ ಮಾತಾಡಿಕೊಂಡು ಸಾಯುವುದಿಲ್ಲ.

ಫ್ಯೂಸ್ ಸರಿಯಿದ್ದರೆ ಎಕ್ಸಾಸ್ಟ್ ತಣ್ಣಗಾದ ಮೇಲೆ ಕನೆಕ್ಟರ್ ಬಿಡಿಸಿ, ಸೆನ್ಸರ್ ಕಡೆಯ ಎರಡು ಹೀಟರ್ ಪಿನ್‌ಗಳ ನಡುವೆ ಓಮ್ ಅಳೆಯಿರಿ. ನಾಲ್ಕು ವೈರಿನ ಬಹಳ ಸೆನ್ಸರ್‌ಗಳಲ್ಲಿ ಒಂದೇ ಬಣ್ಣದ ಎರಡು ವೈರ್ ಹೀಟರಿನವು, ಹೆಚ್ಚಾಗಿ ಬಿಳಿ. ಆದರೆ ಬಣ್ಣಕ್ಕಿಂತ ನಕ್ಷೆಯನ್ನು ನಂಬಿ. ತಣ್ಣಗಿದ್ದಾಗ ಕೆಲವೇ ಓಮ್ ಬರಬೇಕು, ನಿಖರ ಸಂಖ್ಯೆ ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿರುತ್ತದೆ. ಮೀಟರ್ ಅನಂತ ತೋರಿಸಿದರೆ ಹೀಟರಿನ ತಂತಿ ತುಂಡಾಗಿದೆ. ಆಗ ಸೆನ್ಸರ್ ಬದಲಿಸುವುದು ನ್ಯಾಯ. ಹೀಟರ್ ಪಿನ್‌ನಿಂದ ಸೆನ್ಸರಿನ ಲೋಹದ ಮೈಗೆ ಸಂಪರ್ಕ ಇರಲೇಬಾರದು.

ಓಮ್ ಸರಿಯಿದ್ದೂ ಕೋಡ್ ಇದ್ದರೆ ವೈರಿಂಗ್ ಕಡೆ ತಿರುಗಿ. ಗಾಡಿ ಕಡೆಯ ಕನೆಕ್ಟರಿನಲ್ಲಿ ಒಂದು ಪಿನ್‌ಗೆ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೇ? ಕೆಲವು ಕಾರುಗಳಲ್ಲಿ ಎಂಜಿನ್ ಓಡುತ್ತಿದ್ದರೆ ಮಾತ್ರ ಬರುತ್ತದೆ. ಇಲ್ಲಿ ಮೀಟರಿಗಿಂತ ಟೆಸ್ಟ್ ಲ್ಯಾಂಪ್ ವಾಸಿ: ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ, ಲ್ಯಾಂಪ್ ಮಾತ್ರ ಮಂಕಾಗಿ ಉರಿದು ನಿಜ ಹೇಳುತ್ತದೆ. ಇನ್ನೊಂದು ಪಿನ್ ಇಸಿಯು ಹಿಡಿಯುವ ಗ್ರೌಂಡ್. ಇಸಿಯು ಅದನ್ನು ಹೊತ್ತಿಸಿ ಆರಿಸಿ ಬಿಸಿಯನ್ನು ಹದದಲ್ಲಿಡುತ್ತದೆ. ತಣ್ಣಗಿನ ಪೈಪಿನಲ್ಲಿರುವ ನೀರ ಹನಿ ಕಾದ ಸೆರಾಮಿಕ್ಕಿಗೆ ಸಿಡಿದರೆ ಅದು ಬಿರಿಯುತ್ತದೆ, ಹಾಗಾಗಿ ಶುರುವಿನಲ್ಲಿ ಪೂರ್ತಿ ಕರೆಂಟ್ ಕೊಡದ ಕಾರುಗಳೂ ಇವೆ. ಮೊದಲ ನಿಮಿಷದಲ್ಲಿ ಲ್ಯಾಂಪ್ ಮಿಣುಕಿದರೆ ಗಾಬರಿ ಬೇಡ.

ಎಚ್ಚರಿಕೆ: ಓಮ್ ಅಳೆಯುವುದು ಹೀಟರ್ ಪಿನ್‌ಗಳಿಗೆ ಮಾತ್ರ. ಸಿಗ್ನಲ್ ಪಿನ್‌ಗೆ ಓಮ್ ಮೀಟರ್ ಇಡಬೇಡಿ, ಮೀಟರ್ ಹರಿಸುವ ಕರೆಂಟ್ ಸೆನ್ಸರನ್ನು ಕೆಡಿಸಬಹುದು.

## ಹಂತ 4: ಬಿಸಿ ಎಂಜಿನ್, ಲೈವ್ ಡೇಟಾ

ಎಂಜಿನ್ ಪೂರ್ತಿ ಬಿಸಿಯಾಗಲಿ. ಸ್ಕ್ಯಾನರಿನಲ್ಲಿ ಮೊದಲು ನೋಡಬೇಕಾದ್ದು ವೋಲ್ಟೇಜ್ ಅಲ್ಲ, ಫ್ಯುಯಲ್ ಸಿಸ್ಟಂ ಸ್ಟೇಟಸ್. "ಕ್ಲೋಸ್ಡ್ ಲೂಪ್" ಎಂದಿರಬೇಕು. ಅಂದರೆ ಸೆನ್ಸರಿನ ಮಾತು ಕೇಳಿ ಇಸಿಯು ಪೆಟ್ರೋಲ್ ತಿದ್ದುತ್ತಿದೆ. ಓಪನ್ ಲೂಪ್‌ನಲ್ಲಿ ತೆಗೆದ ಯಾವ ಗ್ರಾಫೂ ಸಾಕ್ಷಿಗೆ ಬರುವುದಿಲ್ಲ.

ಈಗ 2,500 ಆರ್‌ಪಿಎಂ ಹಿಡಿದು ಮುಂದಿನ ಸೆನ್ಸರ್ ಒಂದನ್ನೇ ಗ್ರಾಫಿಗೆ ಹಾಕಿ. ಹತ್ತು ಸಂಗತಿಗಳನ್ನು ಒಟ್ಟಿಗೆ ಹಾಕಿದರೆ ಅಗ್ಗದ ಅಡಾಪ್ಟರ್ ನಿಧಾನವಾಗುತ್ತದೆ, ಚುರುಕಾದ ಸೆನ್ಸರೂ ಸೋಮಾರಿಯಂತೆ ಕಾಣುತ್ತದೆ. ಒಳ್ಳೆಯ ನ್ಯಾರೋಬ್ಯಾಂಡ್ ಸೆನ್ಸರ್ 0.2 ಕ್ಕಿಂತ ಕೆಳಗೂ 0.7 ಕ್ಕಿಂತ ಮೇಲಕ್ಕೂ ಬಿಡದೆ ಓಡಾಡಬೇಕು, ಹತ್ತು ಸೆಕೆಂಡಿನಲ್ಲಿ ಹಲವು ಸಲ ಗಡಿ ದಾಟಬೇಕು. ಅದು ಹೀಗೆ ಕುಣಿಯುವುದು ದೋಷವಲ್ಲ. ಇಸಿಯು ಪೆಟ್ರೋಲನ್ನು ಕೊಂಚ ಏರಿಸಿ ಕೊಂಚ ಇಳಿಸಿ ಗಡಿಯ ಮೇಲೇ ನಡೆಯುತ್ತಿದೆ ಎಂಬುದರ ಗುರುತು.

0.45 ರಲ್ಲಿ ಗೆರೆ ಎಳೆದಂತೆ ನಿಂತಿದ್ದರೆ "ಮಿಶ್ರಣ ಎಷ್ಟು ಸರಿಯಾಗಿದೆ" ಎಂದು ಖುಷಿಪಡಬೇಡಿ. ಅನೇಕ ಇಸಿಯುಗಳು ಸಿಗ್ನಲ್ ವೈರಿಗೆ ತಾವೇ ಅಷ್ಟು ವೋಲ್ಟೇಜ್ ಇಟ್ಟಿರುತ್ತವೆ. ಸೆನ್ಸರ್ ತಣ್ಣಗಿದೆ, ಅಥವಾ ವೈರ್ ಎಲ್ಲೋ ತುಂಡಾಗಿದೆ ಎಂದು ಅದರ ಅರ್ಥ. 0 ಯಲ್ಲಿ ಅಂಟಿದ್ದರೆ ನಿಜಕ್ಕೂ ಲೀನ್ ಇರಬಹುದು, ಸಿಗ್ನಲ್ ವೈರ್ ಬಾಡಿಗೆ ತಾಗಿರಬಹುದು. 1 ವೋಲ್ಟ್ ದಾಟಿದ್ದರೆ ಹೀಟರಿನ ಕರೆಂಟ್ ಸಿಗ್ನಲ್ ವೈರಿಗೆ ಸೋರುತ್ತಿದೆಯೇ ನೋಡಿ, ಕನೆಕ್ಟರಿನೊಳಗೆ ನೀರು ಹೋದಾಗ ಹೀಗಾಗುತ್ತದೆ. ಎಕ್ಸಾಸ್ಟ್ ಪೈಪಿಗೆ ತಾಗಿ ಕರಗಿದ ವೈರಿಂಗ್ ಹುಡುಕಲು ಟಾರ್ಚ್ ಹಿಡಿದು ಒಮ್ಮೆ ಕೆಳಗೆ ನುಗ್ಗಿದರೆ ಎಷ್ಟೋ ತಾಸಿನ ತಲೆನೋವು ಉಳಿಯುತ್ತದೆ.

ವೈಡ್‌ಬ್ಯಾಂಡ್ ಆದರೆ ಲ್ಯಾಂಬ್ಡಾ ಸಂಖ್ಯೆ ನೋಡಿ. ಒಂದೇ ವೇಗದಲ್ಲಿ ಹಿಡಿದಾಗ ಅದು 1 ರ ಸುತ್ತಲೇ ಇರಬೇಕು.

## ಹಂತ 5: ಸುಳ್ಳು ಸೆನ್ಸರಿನದೋ, ತಪ್ಪು ಎಂಜಿನ್ನಿನದೋ

ಇಡೀ ಕೆಲಸದ ತಿರುಳು ಇದೇ, ಅವಸರದಲ್ಲಿ ಎಲ್ಲರೂ ಹಾರಿಸುವುದೂ ಇದನ್ನೇ.

ಮೊದಲು ಸೆನ್ಸರನ್ನೇ ಕೆಣಕಿ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿರಲಿ. ಆಕ್ಸಿಲರೇಟರನ್ನು ಥಟ್ಟನೆ ಒತ್ತಿದರೆ ಒಂದು ಕ್ಷಣ ಪೆಟ್ರೋಲ್ ಹೆಚ್ಚಾಗುತ್ತದೆ, ನ್ಯಾರೋಬ್ಯಾಂಡ್ 0.8 ದಾಟಬೇಕು. ಆರ್‌ಪಿಎಂ ಏರಿದ ಮೇಲೆ ಕಾಲು ಪೂರ್ತಿ ತೆಗೆದರೆ ಇಸಿಯು ಪೆಟ್ರೋಲನ್ನೇ ನಿಲ್ಲಿಸುತ್ತದೆ, ವೋಲ್ಟೇಜ್ ಹೆಚ್ಚುಕಮ್ಮಿ 0 ಗೆ ಬೀಳಬೇಕು. ನಿಂತಲ್ಲಿ ಇದು ಸರಿಯಾಗಿ ಕಾಣದಿದ್ದರೆ, ಖಾಲಿ ಇಳಿಜಾರು ರಸ್ತೆಯಲ್ಲಿ ಗೇರಿನಲ್ಲೇ ಕಾಲು ಬಿಟ್ಟು ನೋಡಿ. ಸ್ಕ್ಯಾನರ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಎರಡು ತುದಿಯನ್ನೂ ಥಟ್ಟನೆ ಮುಟ್ಟುವ ಸೆನ್ಸರ್ ಬದುಕಿದೆ, ಅದು ಹೇಳುವುದನ್ನು ನಂಬಬಹುದು. ಒಂದು ತುದಿಯನ್ನು ಮುಟ್ಟಲಾರದ್ದು, ಅಥವಾ ತೆವಳಿಕೊಂಡು ಹೋಗುವಂಥದ್ದು ಮುದಿಯಾಗಿದೆ.

ಸೆನ್ಸರ್ ನಂಬಿಕಸ್ಥ ಎಂದಾದರೆ ಫ್ಯುಯಲ್ ಟ್ರಿಮ್ ಓದಿ. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ. ಮೊತ್ತ ಪ್ಲಸ್ ಇದ್ದರೆ ಇಸಿಯು ಪೆಟ್ರೋಲ್ ಸೇರಿಸುತ್ತಿದೆ, ಮೈನಸ್ ಇದ್ದರೆ ಕಡಿತ ಮಾಡುತ್ತಿದೆ. ಹತ್ತು ಪರ್ಸೆಂಟಿನೊಳಗೆ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಯಾವ ಆರ್‌ಪಿಎಂನಲ್ಲಿ ಹೆಚ್ಚು ಎಂಬುದೇ ಸುಳಿವು. ಐಡ್ಲಿಂಗ್‌ನಲ್ಲಿ ಪ್ಲಸ್ 20, 2,500 ರಲ್ಲಿ ಪ್ಲಸ್ 4 ಎಂದಿದ್ದರೆ ವ್ಯಾಕ್ಯೂಮ್ ಲೀಕ್: ಥ್ರಾಟಲ್ ಮುಚ್ಚಿದ್ದಾಗ ಬಿರುಕಿನಿಂದ ನುಗ್ಗುವ ಕಳ್ಳಗಾಳಿಯ ಪಾಲು ದೊಡ್ಡದು, ತೆರೆದಾಗ ಲೆಕ್ಕಕ್ಕೇ ಬಾರದು. ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಏರಿದಂತೆಲ್ಲ ಪ್ಲಸ್ ಏರಿದರೆ ಫ್ಯುಯಲ್ ಪಂಪ್, ಫಿಲ್ಟರ್, ಅಥವಾ ಕೊಳೆ ಹಿಡಿದ ಏರ್ ಫ್ಲೋ ಸೆನ್ಸರ್. ಮೈನಸ್ ಹೆಚ್ಚಿದ್ದರೆ ಸೋರುವ ಇಂಜೆಕ್ಟರ್, ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಕವಾಟ), ಹೆಚ್ಚಾದ ಫ್ಯುಯಲ್ ಪ್ರೆಷರ್ ನೋಡಬೇಕು. ಇವುಗಳಲ್ಲಿ ಯಾವುದನ್ನೂ ಹೊಸ ಆಕ್ಸಿಜನ್ ಸೆನ್ಸರ್ ಸರಿಮಾಡದು.

ಉಳಿದದ್ದು ಎಕ್ಸಾಸ್ಟ್ ಲೀಕ್. ಸೆನ್ಸರಿಗಿಂತ ಮೊದಲು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಿಟ್ಟಿದ್ದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಎರಡು ಸ್ಫೋಟಗಳ ನಡುವಿನ ಸಂದಿಯಲ್ಲಿ ಗಾಳಿ ಒಳಕ್ಕೂ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಆ ಗಾಳಿ ಲೀನ್ ಆಗಿ ಕಾಣುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದ ಮೇಲೆ ಅಡಗುತ್ತಿದ್ದರೆ, ಜೋಡಣೆಯ ಹತ್ತಿರ ಮಸಿಯ ಗೆರೆ ಕಂಡರೆ ಅದೇ ಲೀಕ್.

## ಹಂತ 6: ಹಿಂದಿನ ಸೆನ್ಸರ್ ಮತ್ತು ಪಿ0420

ಇಲ್ಲಿ ನಿರೀಕ್ಷೆ ತಿರುಗಿ ನಿಲ್ಲುತ್ತದೆ. ಆರೋಗ್ಯವಾಗಿರುವ ಕನ್ವರ್ಟರ್ ಆಕ್ಸಿಜನ್ನನ್ನು ಹಿಡಿದಿಟ್ಟು, ಬೇಕಾದಾಗ ಬಿಟ್ಟುಕೊಡುತ್ತದೆ. ಹಾಗಾಗಿ ಒಂದೇ ವೇಗದಲ್ಲಿ ಸಾಗುವಾಗ ಹಿಂದಿನ ಸೆನ್ಸರ್ 0.6, 0.7 ರ ಆಸುಪಾಸಿನಲ್ಲಿ ಸಮಾಧಾನವಾಗಿರಬೇಕು. ಅದು ಮುಂದಿನ ನ್ಯಾರೋಬ್ಯಾಂಡಿನ ಹೆಜ್ಜೆಗೆ ಹೆಜ್ಜೆ ಹಾಕಿ ಕುಣಿದರೆ ಕನ್ವರ್ಟರಿನ ಶಕ್ತಿ ಮುಗಿದಿದೆ. ಇಸಿಯುವಿನ ಕ್ಯಾಟಲಿಸ್ಟ್ ಮಾನಿಟರ್ ಹೋಲಿಸಿ ನೋಡುವುದೂ ಇದನ್ನೇ.

ಕುಣಿಯುವ ಹಿಂದಿನ ಸೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿರುವ ಸೆನ್ಸರ್. ಪಿ0420 ಬಂದಾಗ ಅದನ್ನು ಬದಲಿಸುವುದು ಜ್ವರ ಬಂದಾಗ ಥರ್ಮಾಮೀಟರ್ ಬದಲಿಸಿದ ಹಾಗೆ. ಕನ್ವರ್ಟರಿಗೆ ಖರ್ಚು ಮಾಡುವ ಮುಂಚೆ ಹಿಂದಿನ ಸೆನ್ಸರಿನ ಹತ್ತಿರದ ಲೀಕ್ ಪರೀಕ್ಷಿಸಿ, ಕನ್ವರ್ಟರನ್ನು ಕೊಂದದ್ದು ಯಾವುದು ಎಂಬುದನ್ನೂ ಹುಡುಕಿ. ಮಿಸ್‌ಫೈರ್, ಎಣ್ಣೆ ಉರಿಯುವುದು, ಕೂಲಂಟ್ ಸೋರಿಕೆ ಹಾಗೇ ಉಳಿದರೆ ಹೊಸ ಕನ್ವರ್ಟರೂ ಅದೇ ದಾರಿ ಹಿಡಿಯುತ್ತದೆ.

## ಹಂತ 7: ಬಿಚ್ಚುವುದು, ನೋಡುವುದು, ಹಾಕುವುದು

ಇಲ್ಲಿಯವರೆಗೆ ಬಂದು ಸೆನ್ಸರೇ ತಪ್ಪಿತಸ್ಥ ಎಂದಾದರೆ ಮಾತ್ರ ಬಿಚ್ಚಿ. ತುಕ್ಕು ಬಿಡಿಸುವ ಎಣ್ಣೆಯನ್ನು ತಣ್ಣಗಿರುವಾಗಲೇ ಥ್ರೆಡ್‌ಗೆ ಹಾಕಿ ನೆನೆಯಬಿಡಿ. ಕಾದ ಪೈಪಿಗೆ ಸಿಂಪಡಿಸಿದರೆ ಬೆಂಕಿ ಹತ್ತೀತು. ಕೈ ಸುಡದಷ್ಟು ಬೆಚ್ಚಗಿರುವಾಗ ಬಿಚ್ಚಿದರೆ ಸುಲಭವಾಗಿ ಬರುತ್ತದೆ. ಒಮ್ಮೆಲೇ ತಿರುಗಿಸಬೇಡಿ. ಬಿಗಿ ಅನ್ನಿಸಿದರೆ ಅರ್ಧ ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ. ಜಗ್ಗಿದರೆ ಥ್ರೆಡ್ ಸೆನ್ಸರಿನ ಜೊತೆಗೇ ಕಿತ್ತು ಬರುತ್ತದೆ.

ಹೊರಬಂದ ಸೆನ್ಸರಿನ ಮೂತಿ ನೋಡದೆ ಬಿಸಾಡಬೇಡಿ. ಒಣ ಕಪ್ಪು ಮಸಿ ಎಂದರೆ ಎಂಜಿನ್ ರಿಚ್ ಓಡುತ್ತಿದೆ. ಬಿಳಿ ಪುಡಿ ಅಂಟಿದ್ದರೆ ಸಿಲಿಕಾನ್: ಸೆನ್ಸರಿಗೆ ಹೊಂದದ ಗ್ಯಾಸ್ಕೆಟ್ ಸೀಲಂಟ್ ಬಳಸಿದ್ದಾರೆ, ಅಥವಾ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಕಂದು ಬಣ್ಣದ ಜಿಡ್ಡು ಎಂಜಿನ್ ಆಯಿಲಿನದು. ಕಾರಣ ಉಳಿಸಿಕೊಂಡು ಹೊಸದು ಹಾಕಿದರೆ ಅದಕ್ಕೂ ಇದೇ ಗತಿ.

ಹೊಸ ಸೆನ್ಸರಿನ ಥ್ರೆಡ್‌ಗೆ ಕಂಪನಿಯವರೇ ಆಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿರುತ್ತಾರೆ. ಇಲ್ಲದಿದ್ದರೆ ಸೆನ್ಸರಿಗೆಂದೇ ಮಾಡಿದ್ದನ್ನು ಥ್ರೆಡ್‌ಗೆ ಮಾತ್ರ, ತೆಳ್ಳಗೆ ಹಚ್ಚಿ. ಮೂತಿಗೆ ಒಂದು ಚೂರೂ ತಾಗಬಾರದು. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಬಿಗಿತ ಮ್ಯಾನುಯಲ್ ಹೇಳಿದಷ್ಟು, 18 ಮಿಲಿಮೀಟರ್ ಥ್ರೆಡ್ ಇದ್ದರೆ ಸಾಮಾನ್ಯವಾಗಿ 40 ರಿಂದ 50 ನ್ಯೂಟನ್ ಮೀಟರ್. ನೆಲಕ್ಕೆ ಬಿದ್ದ ಸೆನ್ಸರನ್ನು ಹಾಕಬೇಡಿ, ಹೊರಗೆ ಏನೂ ಆಗದಿದ್ದರೂ ಒಳಗಿನ ಸೆರಾಮಿಕ್ ಬಿರುಕು ಬಿಟ್ಟಿರಬಹುದು.

ಯೂನಿವರ್ಸಲ್ ಸೆನ್ಸರ್ ತಂದು ಹಳೇ ಕನೆಕ್ಟರಿಗೆ ವೈರ್ ಕೂಡಿಸುವವರು ಬೆಸುಗೆ ಹಾಕಬಾರದು. ಎಷ್ಟೋ ಸೆನ್ಸರ್‌ಗಳು ಒಳಮೈಗೆ ಬೇಕಾದ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ, ಸೀಸ ಅದನ್ನು ಮುಚ್ಚುತ್ತದೆ. ಕ್ರಿಂಪ್ ಮಾಡಿ, ಅಂದರೆ ವೈರ್ ತುದಿಗಳನ್ನು ಲೋಹದ ಕೊಳವೆಯಲ್ಲಿಟ್ಟು ಒತ್ತಿ ಜೋಡಿಸಿ. ಕನೆಕ್ಟರಿಗೆ ಗ್ರೀಸ್ ತುಂಬುವುದೂ ಇದೇ ಕಾರಣಕ್ಕೆ ಬೇಡ. ಕೇಳಿದರೆ ನನ್ನ ಸಲಹೆ, ಕನೆಕ್ಟರ್ ಸಮೇತ ಬರುವುದನ್ನೇ ತನ್ನಿ.

## ಹಂತ 8: ಈಗ ಅಳಿಸಿ, ಮಾನಿಟರ್ ಮುಗಿಯುವವರೆಗೆ ಓಡಿಸಿ

ದೀಪ ಆರಿತು ಎಂದರೆ ರಿಪೇರಿ ಆಯಿತು ಎಂದಲ್ಲ, ನೀವು ಆರಿಸಿದಿರಿ ಎಂದಷ್ಟೇ. ಮಿಸ್‌ಫೈರ್ ಮತ್ತು ಫ್ಯುಯಲ್ ಸಿಸ್ಟಂ ಮೇಲೆ ಇಸಿಯು ಸದಾ ಕಣ್ಣಿಟ್ಟಿರುತ್ತದೆ. ಆಕ್ಸಿಜನ್ ಸೆನ್ಸರ್, ಅದರ ಹೀಟರ್, ಕನ್ವರ್ಟರ್ ಇವುಗಳ ಪರೀಕ್ಷೆ ಹಾಗಲ್ಲ. ಎಂಜಿನ್ ಬಿಸಿ, ವೇಗ, ಲೋಡ್ ಎಲ್ಲ ಕೂಡಿ ಬಂದಾಗ ಮಾತ್ರ, ಪ್ರತಿ ಓಟದಲ್ಲಿ ಸಾಮಾನ್ಯವಾಗಿ ಒಂದು ಸಲ ನಡೆಯುತ್ತದೆ. ಇಂಥ ಬಹಳ ದೋಷಗಳಿಗೆ ಒಂದು ಓಟದಲ್ಲಿ ಸೋತರೆ ಪೆಂಡಿಂಗ್ ಕೋಡ್, ಮುಂದಿನದರಲ್ಲೂ ಸೋತರೆ ದೀಪ. ಎರಡು ವಾರ ನೆಮ್ಮದಿ ಸಿಗುವ ಗುಟ್ಟು ಇಲ್ಲಿದೆ: ಬರೀ ಗಿಜಿಗುಡುವ ರಸ್ತೆಯಲ್ಲಿ ಸಣ್ಣ ಓಟ ಓಡಿದ್ದರೆ ಪರೀಕ್ಷೆ ನಡೆದೇ ಇರುವುದಿಲ್ಲ.

ರಾತ್ರಿಯಿಡೀ ನಿಂತ ಎಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಆಮೇಲೆ ತಡೆಯಿಲ್ಲದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ, ನಡುನಡುವೆ ಬ್ರೇಕ್ ಒತ್ತದೆ ಕಾಲು ಬಿಟ್ಟು ವೇಗ ಇಳಿಯಲು ಬಿಡಿ. ಖಚಿತ ವಿಧಾನ ಪ್ರತಿ ತಯಾರಕರದೂ ಬೇರೆ, ಮ್ಯಾನುಯಲ್‌ನಲ್ಲಿದ್ದರೆ ಅದನ್ನೇ ಅನುಸರಿಸಿ. ಈ ನಡುವೆ ಬ್ಯಾಟರಿ ಬಿಚ್ಚಬೇಡಿ, ಎಲ್ಲವೂ ಮತ್ತೆ ಮೊದಲಿಗೆ ಬರುತ್ತದೆ.

ವಾಪಸು ಬಂದು ಸ್ಕ್ಯಾನರಿನಲ್ಲಿ ರೆಡಿನೆಸ್ (ಮಾನಿಟರ್‌ಗಳ ಸ್ಥಿತಿಯ ಪಟ್ಟಿ) ತೆರೆಯಿರಿ. ಆಕ್ಸಿಜನ್ ಸೆನ್ಸರ್, ಹೀಟರ್, ಕ್ಯಾಟಲಿಸ್ಟ್ ಮೂರೂ "ಪೂರ್ಣ" ಎಂದಿದ್ದು, ಪೆಂಡಿಂಗ್ ಪಟ್ಟಿ ಖಾಲಿಯಿರಬೇಕು. ಮೋಡ್ 06 ತೋರಿಸುವ ಸ್ಕ್ಯಾನರ್ ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಅಲ್ಲಿ ಪ್ರತಿ ಪರೀಕ್ಷೆಯ ಫಲಿತಾಂಶ ಮತ್ತು ಅದರ ಮಿತಿ ಅಕ್ಕಪಕ್ಕ ಇರುತ್ತವೆ. ಪಾಸಾಗಿದ್ದರೂ ಮಿತಿಗೆ ಕೂದಲೆಳೆಯಷ್ಟು ಹತ್ತಿರ ಇದ್ದರೆ ಟ್ರಿಮ್‌ಗಳನ್ನು ಮತ್ತೊಮ್ಮೆ ಕೂಡಿಸಿ ನೋಡಿ. ಮೊದಲಿದ್ದ ಪ್ಲಸ್ 20 ಹಾಗೇ ಇದ್ದರೆ ಐದನೇ ಹಂತಕ್ಕೆ ಮರಳಬೇಕು.